ಕೊನೆಯ ಮನೆಯ ರೊಟ್ಟಿ

ಅಸಿಲ್‌ಕಾನ್‌ಗೆ ತನ್ನದು ಅಂತ ಒಂದು ಜೊತೆ ಉಣ್ಣೆ ಬೂಟು ಇರಲಿಲ್ಲ. ಮನೆಯಲ್ಲಿದ್ದ ಒಂದೇ ಜೊತೆ ಅತ್ತೆ ಸಾಯ್ರಾಳದು. ಗಂಡ ಲಾರಿಯೊಂದಿಗೆ ಕಣಿವೆಯ ಆಚೆ ಸಿಕ್ಕಿಕೊಂಡಿದ್ದ. ಹಿಮಗಾಳಿ ಶುರುವಾದ ದಿನವೇ ಕರೆಂಟು ಹೋಗಿತ್ತು, ಮರುದಿನಕ್ಕೆ ಫೋನುಗಳೂ ಸತ್ತಿದ್ದವು. ಅಸಿಲ್‌ಕಾನ್ ಬೆರಣಿಗಳನ್ನು ಒಳಗೆ ತಂದು ಒಲೆಯ ಪಕ್ಕ ಹಾಕಿ, ಬಾಗಿಲ ಬಳಿ ನಿಂತು ಬೂಟುಗಳನ್ನು ನೋಡಿದಳು.

"ಏನು ನೋಡ್ತೀಯ? ಹಾಕ್ಕೋ," ಸಾಯ್ರಾ ಚಹಾದ ಬಟ್ಟಲಿನಿಂದ ತಲೆ ಎತ್ತದೆ ಹೇಳಿದಳು. "ಮನೆ ಮನೆ ನೋಡ್ಕೊಂಡು ಬರೋಕೆ ಊರೆಲ್ಲ ಹೊರಟಿರುವಾಗ ನಮ್ಮನೆಯಿಂದ ಯಾರೂ ಬರ್ಲಿಲ್ಲ ಅನ್ನಿಸ್ಕೋಬಾರ್ದು. ಆದ್ರೆ ಕೊನೇ ಮನೆಗೆ ಕಾಲಿಟ್ರೆ, ನನ್ನ ಬೂಟು ಹಾಕ್ಕೊಂಡು ವಾಪಸ್ ಬರ್ಬೇಡ."

"ಬರಿಗಾಲಲ್ಲಿ ಬರ್ಲಾ ಅಪಾ?" ಅತ್ತೆಯನ್ನು ಅವಳು ಅಪಾ ಎಂದೇ ಕರೆಯುತ್ತಿದ್ದಳು.

"ನಾಲಿಗೆ ನೋಡು ಇವಳ್ದು! ಬರ್ಲೇಬೇಡ ಅಂದೆ."

ಕೊನೆಯ ಮನೆ ಝೂರಕಾನ್‌ಳದು. ಹೋದ ಕೊಯ್ಲಿನ ಹೊತ್ತಿಗೆ ಸಾಯ್ರಾಳ ಅಕ್ಕನ ಮಗ ಗೆಳೆಯರ ಜೊತೆ ಕಾರಿನಲ್ಲಿ ಬಂದು, ಝೂರಕಾನ್‌ಳ ಮಗಳು ಬೆಗಾಯಿಮ್‌ಳನ್ನು ಬಸ್ ನಿಲ್ಲುವ ಜಾಗದಿಂದ ಎತ್ತಿಕೊಂಡು ಹೋಗಿದ್ದ. ಹಾಗೆ ಬಂದ ಸೊಸೆಯರು ಊರಿನಲ್ಲಿ ಎಷ್ಟೋ ಮಂದಿ. ಅಸಿಲ್‌ಕಾನ್ ಕೂಡ ಹಾಗೆಯೇ ಬಂದವಳು. ಅತ್ತು, ಪರಚಿ, ಕಚ್ಚಿ, ಬೆಳಗಾಗುವ ಹೊತ್ತಿಗೆ ತಲೆಗೆ ಮದುಮಗಳ ಬಿಳಿ ವಸ್ತ್ರ ಕಟ್ಟಿಸಿಕೊಂಡು ಕೂತವಳು. ಅವಳ ತಾಯಿ ಬಂದು, "ಹೊಂದ್ಕೊಂಡು ಹೋಗು" ಎಂದು ಹೇಳಿ, ಚಹಾ ಕುಡಿದು ಹೊರಟುಹೋಗಿದ್ದಳು.

ಝೂರಕಾನ್ ಹಾಗೆ ಮಾಡಲಿಲ್ಲ. ಒಬ್ಬಳೇ ಆ ಹುಡುಗನ ಮನೆಗೆ ನುಗ್ಗಿದಳು. ಹುಡುಗಿ ಹೊರಗೆ ಹೋಗದಂತೆ ಸಾಯ್ರಾ ಹೊಸ್ತಿಲಿಗೆ ಅಡ್ಡ ಮಲಗಿದಳು. ಹಿರಿಯ ಹೆಂಗಸನ್ನು ದಾಟಿ ಹೋದವಳು ಬಾಳುವುದಿಲ್ಲ ಎಂಬ ಭಯಕ್ಕೇ ಎಷ್ಟೋ ಹುಡುಗಿಯರು ಹೊಸ್ತಿಲೊಳಗೆ ನಿಂತುಬಿಟ್ಟಿದ್ದರು. ಝೂರಕಾನ್ ಮಗಳ ಕೈ ಹಿಡಿದು ಸಾಯ್ರಾಳನ್ನು ದಾಟಿದಳು. ಅಲ್ಲಿಂದ ನೇರ ಪೊಲೀಸರ ಹತ್ತಿರ ಹೋದಳು. ಹುಡುಗ ಈಗ ಜೈಲಿನಲ್ಲಿದ್ದ.

ಊರಿನ ಹಿರಿಯರು ಗದ್ದಲ ಮಾಡಲಿಲ್ಲ. ಆ ಮನೆಯ ರೊಟ್ಟಿ ಯಾರೂ ಮುಟ್ಟಬಾರದು ಅಂದರು, ಅಷ್ಟೆ. ಬಾಗಿಲಿಗೆ ಬಂದವರು ಒಂದು ಚೂರು ರೊಟ್ಟಿಯನ್ನಾದರೂ ಬಾಯಿಗೆ ಹಾಕಿಕೊಳ್ಳದೆ ಹೋಗುವಂತಿಲ್ಲದ ಊರು ಅದು. ರೊಟ್ಟಿ ಮುಟ್ಟಬಾರದು ಅಂದರೆ ಬಾಗಿಲಿಗೇ ಹೋಗಬಾರದು ಅಂತ. ಕೇರಿಯವರೆಲ್ಲ ಸೇರಿ ಚಳಿಗಾಲಕ್ಕೆ ಕಲ್ಲಿದ್ದಲು ತರಿಸಿಕೊಂಡಾಗ ಝೂರಕಾನ್‌ಳನ್ನು ಯಾರೂ ಕೇಳಲಿಲ್ಲ.

ಕೇರಿಯ ತಂಡದಲ್ಲಿ ಮೂವರು. ಮುಂದೆ ದನದ ಡಾಕ್ಟರ್ ತೆಮಿರ್‌ಕುಲ್, ನಡುವೆ ಅಸಿಲ್‌ಕಾನ್, ಹಿಂದೆ ಟ್ರ್ಯಾಕ್ಟರ್ ಓಡಿಸುವ ನಾಸಿಪ್. ಹುಲ್ಲು ಕಟ್ಟುವ ಹಗ್ಗವನ್ನು ಮೂವರೂ ಸೊಂಟಕ್ಕೆ ಬಿಗಿದುಕೊಂಡಿದ್ದರು. ಚಾಚಿದ ಕೈ ಕಾಣದಷ್ಟು ಹಿಮ. ಪ್ರತಿ ಮನೆಯಲ್ಲೂ ಬಾಗಿಲು ಬಡಿಯುವುದು, ಒಳಗಿನ ತಲೆಗಳನ್ನು ಎಣಿಸುವುದು, ಮುದುಕರಿದ್ದರೆ ಒಲೆಗೆ ಬೆರಣಿ ತಂದಿಡುವುದು, ಹೊಗೆಗೂಡಿನ ಬಾಯಿಯ ಹಿಮ ಕೆರೆಯುವುದು. ಪ್ರತಿ ಮನೆಯಲ್ಲೂ ರೊಟ್ಟಿ.

"ಅಮ್ಮಾ, ಮುಂದಿನ ಮನೇಲಿ ಮುದುಕ ಒಬ್ಬನೇ ಇದ್ದಾನೆ, ಬಿಡಿ," ಎಂದರೂ ಯಾರೂ ಬಿಡಲಿಲ್ಲ. ರೊಟ್ಟಿ ಸುತ್ತಿದ ಬಟ್ಟೆ ಬಿಚ್ಚಬೇಕು, ರೊಟ್ಟಿ ಮುರಿಯಬೇಕು, ಬೆಣ್ಣೆ ಹಚ್ಚಬೇಕು.

"ಇನ್ನೆರಡು ಮನೆ ಆದ್ರೆ ನೀವೇ ನನ್ನ ಹೊತ್ಕೊಂಡು ಹೋಗ್ಬೇಕು," ನಾಸಿಪ್ ಮೀಸೆಯ ಮೇಲಿನ ಬೆಣ್ಣೆ ಒರೆಸಿಕೊಂಡ. "ಚಳಿಗೆ ಸತ್ತೋರನ್ನ ನೋಡಿದ್ದೀನಿ. ರೊಟ್ಟಿ ತಿಂದು ಸತ್ತ ಮೊದಲನೇ ಮನುಷ್ಯ ನಾನೇ."

"ನಿನ್ನ ಹೊರೋಕೆ ಎತ್ತು ಬೇಕು," ಎಂದಳು ಅಸಿಲ್‌ಕಾನ್.

ಕೊನೆಯ ಮನೆಗಿಂತ ಮುಂಚಿನ ಬೇಲಿಯ ಹತ್ತಿರ ತೆಮಿರ್‌ಕುಲ್ ತಿರುಗಿ ನಿಂತ. "ಆಯ್ತು. ವಾಪಸ್ ಹೋಗೋಣ."

"ಆಗಿಲ್ಲ ಬಾಯ್ಕೆ. ಇನ್ನೊಂದು ಮನೆ ಇದೆ."

ಅಣ್ಣನ ಹಾಗೆ ಅವಳು ಬಾಯ್ಕೆ ಎಂದು ಕರೆಯುತ್ತಿದ್ದ ಮನುಷ್ಯ ಬೇಲಿಯ ಕಂಬ ಹಿಡಿದುಕೊಂಡು ಹತ್ತಿರ ಬಂದ. ಗಾಳಿಗೆ ಕೂಗಿಯೇ ಮಾತಾಡಬೇಕಿತ್ತು. "ನೋಡು ತಂಗಿ. ನಾವು ಬಾಗಿಲು ಬಡಿದ್ರೆ ಆಕೆ ರೊಟ್ಟಿ ತರ್ತಾಳೆ. ತಿಂದ್ರೆ ನಾಳೆ ಹಿರಿಯರಿಗೆ ನಾನು ಉತ್ತರ ಕೊಡ್ಬೇಕು. ತಿನ್ನದೆ ಬಂದ್ರೆ ಆಕೆ ಮುಖಕ್ಕೆ ಉಗಿದ ಹಾಗೆ. ಹೋಗದೆ ಇರೋದೇ ಆಕೆಗೂ ಮರ್ಯಾದೆ."

"ಹೊಗೆಗೂಡಲ್ಲಿ ಹೊಗೆ ಇಲ್ಲ."

"ಈ ಗಾಳೀಲಿ ಯಾರ ಮನೆ ಹೊಗೆ ಕಾಣುತ್ತೆ?"

"ನಾವು ಬಂದ ಮನೆಗಳ ಮುಂದೆಲ್ಲ ವಾಸನೆಯಾದ್ರೂ ಇತ್ತು. ಇಲ್ಲಿ ಅದೂ ಇಲ್ಲ. ನಿನ್ನೆಯ ತಂಡ ಇಲ್ಲಿಗೆ ಬಂದಿತ್ತಾ?"

ತೆಮಿರ್‌ಕುಲ್ ಕಂಬದ ಮೇಲಿನ ಹಿಮ ಕೆರೆದ. ನಿನ್ನೆಯ ತಂಡದಲ್ಲೂ ಅವನೇ ಇದ್ದ.

ಅಸಿಲ್‌ಕಾನ್ ಕೈಗವಸು ಕಳಚಿ ಹಲ್ಲಿನಲ್ಲಿ ಕಚ್ಚಿಕೊಂಡು ಸೊಂಟದ ಗಂಟು ಬಿಚ್ಚತೊಡಗಿದಳು.

"ಹುಚ್ಚು ಹಿಡೀತಾ? ಹತ್ತು ಹೆಜ್ಜೆ ಹೋದ್ರೆ ನಿನ್ನ ಹೆಣ ವಸಂತಕ್ಕೆ ಸಿಗುತ್ತೆ!"

"ಸಿಗ್ಲಿ. ನನ್ನ ಕದ್ಕೊಂಡು ಬಂದಾಗ ನೀವೂ ಮದುವೆ ಊಟಕ್ಕೆ ಬಂದಿದ್ರಿ ಬಾಯ್ಕೆ. ನಾನು ಒಳಗೆ ಅಳ್ತಿದ್ದೆ, ನಿಮಗೆ ಕೇಳಿಸ್ತಿತ್ತು. ಆವತ್ತೂ ನೀವು ಮರ್ಯಾದೆ ಅಂತಲೇ ಸುಮ್ನಿದ್ರಿ." ಗಂಟು ಬಿಚ್ಚಿತು. "ಆ ಹೆಂಗಸು ಒಬ್ಬಳೇ ಸುಮ್ನಿರ್ಲಿಲ್ಲ. ನಾನು ಹೋಗ್ತೀನಿ."

ನಾಸಿಪ್ ಅವಳ ತೋಳು ಹಿಡಿದ. ತಡೆಯುತ್ತಾನೆ ಅಂದುಕೊಂಡು ಅವಳು ಕೊಸರಿದಳು. ಅವನು ಬಿಚ್ಚಿದ ಹಗ್ಗವನ್ನು ಮತ್ತೆ ಅವಳ ಸೊಂಟಕ್ಕೆ ಸುತ್ತಿ ಬಿಗಿದ. "ನಡಿ. ಹೆಂಗಿದ್ರೂ ಹೊಟ್ಟೇಲಿ ಇನ್ನೊಂದು ಚೂರಿಗೆ ಜಾಗ ಇದೆ," ಎಂದ. ಆದರೆ ನಗಲಿಲ್ಲ.

ಇಬ್ಬರು ಎಳೆದಾಗ ಮೂರನೆಯವನೂ ಬರಲೇಬೇಕಾಯಿತು.

ಬಾಗಿಲು ಅರ್ಧದವರೆಗೆ ಹಿಮದಲ್ಲಿ ಹೂತಿತ್ತು. ಕೈಯಲ್ಲೇ ತೋಡಿದರು. ಕೂಗಿದರೆ ಉತ್ತರವಿಲ್ಲ. ನಾಸಿಪ್ ಹೆಗಲು ಕೊಟ್ಟು ಬಾಗಿಲು ಮುರಿದ. ಚಳಿ ನುಗ್ಗದಂತೆ ಸಂದುಸಂದಿಗೆ ಕಂಬಳಿಯ ಚಿಂದಿ ತುರುಕಿದ್ದರು. ಒಲೆಯ ಪಕ್ಕ ಕಲ್ಲಿದ್ದಲ ಪುಡಿ ತುಂಬಿದ ಬಕೆಟ್ಟು. ಪುಡಿ ಬೇಗ ಉರಿದು ಹೋಗುತ್ತದೆಂದು, ಬಿಸಿ ಉಳಿಸಿಕೊಳ್ಳಲು, ಕೆಂಡ ಆರುವ ಮೊದಲೇ ಹೊಗೆಗೂಡಿನ ಮುಚ್ಚಳ ಎಳೆದಿದ್ದರು. ವಿಷದ ಗಾಳಿಗೆ ಹೊರಹೋಗಲು ದಾರಿಯಿರಲಿಲ್ಲ.

ಬೆಗಾಯಿಮ್ ಬಾಗಿಲ ಹತ್ತಿರ ಮುಖ ಅಡಿಯಾಗಿ ಬಿದ್ದಿದ್ದಳು. ಚಿಂದಿ ಸರಿದಿದ್ದ ಹೊಸ್ತಿಲ ಸಂದಿಯಿಂದ ಬರುತ್ತಿದ್ದ ಚೂರು ಗಾಳಿ ಅವಳನ್ನು ಉಳಿಸಿತ್ತು. ಹೊರಗೆ ಎಳೆದು ಹಿಮದ ಮೇಲೆ ಮಲಗಿಸಿದರು. ಕೆನ್ನೆಗೆ ಹೊಡೆದರು. ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಕಣ್ಣು ಬಿಟ್ಟಳು.

ತೆಮಿರ್‌ಕುಲ್ ಒಳಗೆ ಮಂಚದ ಹತ್ತಿರ ಮಂಡಿಯೂರಿದ್ದ. ಝೂರಕಾನ್‌ಳ ಕುತ್ತಿಗೆಯ ಮೇಲೆ ಬೆರಳಿಟ್ಟು ನಾಡಿ ಹುಡುಕುತ್ತಿದ್ದ.

"ಬಾಯ್ಕೆ?"

"ತಣ್ಣಗಾಗಿದೆ."

"ಯಾವಾಗ?"

"ಬೆಳಗಿನ ಜಾವ ಇರ್ಬೇಕು."

"ನಿನ್ನೆ ಬಂದಿದ್ರೆ?"

ಅವನು ಕಂಬಳಿಯನ್ನು ಹೆಣದ ಮುಖದವರೆಗೆ ಎಳೆದ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ರೊಟ್ಟಿ ಇತ್ತು. ಎದ್ದವನು ಅದನ್ನು ಮುರಿದು ಬಾಯಿಗೆ ಹಾಕಿಕೊಂಡ, ಉಳಿದದ್ದನ್ನು ತಂದು ಇಬ್ಬರ ಕೈಗೂ ಇಟ್ಟ. ಮೂವರೂ ಹಿಮದಲ್ಲಿ ನಿಂತು ಅಗಿದರು. ರೊಟ್ಟಿ ಒಣಗಿ ಕಲ್ಲಾಗಿತ್ತು.

ಬೆಗಾಯಿಮ್‌ಳನ್ನು ನಾಸಿಪ್ ಬೆನ್ನಿಗೆ ಹಾಕಿಕೊಂಡ. ಪಕ್ಕದ ಮನೆಯವರು ಬಾಗಿಲ ಸಂದಿಯಿಂದ ನೋಡಿ, "ನಮ್ಮಲ್ಲಿ ಜಾಗ ಇಲ್ಲ," ಎಂದರು. "ನಮ್ಮನೆಗೆ," ಎಂದಳು ಅಸಿಲ್‌ಕಾನ್.

ಸಾಯ್ರಾ ಬಾಗಿಲು ತೆರೆದಳು. ಬೆನ್ನ ಮೇಲೆ ಯಾರಿದ್ದಾರೆಂದು ನೋಡಿದವಳೇ ಎರಡೂ ಕೈಗಳನ್ನು ಚೌಕಟ್ಟಿಗೆ ಅಡ್ಡವಿಟ್ಟಳು.

"ಇವಳಾ? ನನ್ನ ಮನೆಗಾ? ನನ್ನಕ್ಕನ ಮಗ ಜೈಲಲ್ಲಿ ಕೊಳೀತಿದ್ದಾನೆ. ನನ್ನ ಮೈ ಮೇಲೆ ದಾಟಿ ಹೋದ್ರು, ಊರೆಲ್ಲ ನೋಡ್ತು. ನಾನೂ ಹೀಗೇ ಬಂದವಳು ಕಣೇ, ನನ್ನತ್ತೇನೂ ಹೀಗೇ ಬಂದವಳು. ಯಾರು ದಾಟಿದ್ವಿ? ಇವರಿಗೇನು ಕೊಂಬಿದ್ಯಾ?"

"ಹುಡುಗಿ ಸಾಯ್ತಾಳೆ. ದಾರಿ ಬಿಡಿ ಅಪಾ."

"ಬಿಡಲ್ಲ."

ಅಸಿಲ್‌ಕಾನ್ ಬೂಟುಗಳನ್ನು ಒಂದೊಂದಾಗಿ ಕಳಚಿ ಅತ್ತೆಯ ಕಾಲ ಬುಡದಲ್ಲಿ ಇಟ್ಟಳು. ಬರಿಯ ಕಾಲುಚೀಲದಲ್ಲಿ ಹಿಮದ ಮೇಲೆ ನಿಂತಳು. "ಬೇಕಾದ್ರೆ ಅಡ್ಡ ಮಲಗಿ ಅಪಾ. ಈ ಸಲ ನಾನು ದಾಟ್ತೀನಿ."

ಸಾಯ್ರಾ ಸೊಸೆಯನ್ನೇ ನೋಡುತ್ತಿದ್ದಳು. ಒಂಬತ್ತು ವರ್ಷದಲ್ಲಿ ಈ ಸೊಸೆ ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಇದೇ ಮೊದಲು. ನಾಸಿಪ್‌ನ ಬೆನ್ನ ಮೇಲೆ ಹುಡುಗಿಯ ತಲೆ ಅತ್ತಿತ್ತ ಜೋಲುತ್ತಿತ್ತು.

"ಇವಳಮ್ಮ ಎಲ್ಲಿ?" ಕಡೆಗೆ ಕೇಳಿದಳು.

"ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಪಾ. ಸತ್ತು ಹೋಗಿದ್ದಾಳೆ."

ಚೌಕಟ್ಟಿನಿಂದ ಒಂದು ಕೈ ಇಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. "ಕಿಟಕಿ ಹತ್ರ ಮಲಗಿಸಿ," ಎಂದಳು ಸಾಯ್ರಾ. "ಒಲೆ ಹತ್ರ ಬೇಡ. ಗಾಳಿ ಬೇಕು ಅವಳಿಗೆ." ಆಮೇಲೆ ಸೊಸೆಯ ಕಡೆ ತಿರುಗಿ, "ಒಳಗೆ ಬಾ ಮುಂಡೇದೇ, ಕಾಲು ಸೆಡೆದು ಹೋಗುತ್ತೆ," ಎಂದಳು.

ಗಾಳಿ ನಿಂತ ಬೆಳಗ್ಗೆ, ಹೆಣ ತೊಳೆಯಲು ಯಾರು ಹೋಗಬೇಕೆಂದು ಕೇರಿಯ ಹೆಂಗಸರು ಬಾಗಿಲುಗಳಲ್ಲೇ ನಿಂತು ಪಿಸುಗುಟ್ಟುತ್ತಿದ್ದರು. ಸಾಯ್ರಾ ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು, ಕೈಯಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ಬೀದಿಯ ನಡುವೆ ನಡೆದಳು. ಹಿರಿಯರಲ್ಲಿ ಒಬ್ಬ, "ಸಾಯ್ರಾ, ನೀನಾ?" ಎಂದ.

"ನನ್ನ ದಾಟಿ ಹೋದವಳು. ಮಿಕ್ಕವರು ಯಾಕೆ ಮುಟ್ಟಬೇಕು? ನಾನೇ ತೊಳೀತೀನಿ. ಮಾತಾಡೋದಿದ್ರೆ ಆಮೇಲೆ ಮಾತಾಡು. ಈಗ ನೀರು ಆರಿ ಹೋಗುತ್ತೆ, ಪಕ್ಕಕ್ಕೆ ಸರಿ."

ಅವನು ಸರಿದ. ಅಸಿಲ್‌ಕಾನ್ ಇನ್ನೊಂದು ಪಾತ್ರೆ ಹೊತ್ತು ಹಿಂದೆ ಹೋದಳು. ಅವಳ ಹಿಂದೆ ಇನ್ನಿಬ್ಬರು ಸೊಸೆಯರು ಬಾಗಿಲು ದಾಟಿ ಹೊರಬಂದರು.

ಎರಡು ದಿನ ಬಿಟ್ಟು ರಸ್ತೆ ತೆರೆದು, ಜಿಲ್ಲೆಯಿಂದ ಜೀಪು ಬಂತು. ಏನೇನು ಹೋಯಿತು ಎಂದು ಅಧಿಕಾರಿ ಕೇಳಿದ. ತೆಮಿರ್‌ಕುಲ್ ಹೇಳಿದ: ಹತ್ತೊಂಬತ್ತು ಕುರಿ, ಎರಡು ಹಸು, ಶಾಲೆಯ ಸೂರಿನ ಎಂಟು ತಗಡು, ಝೂರಕಾನ್.