ಕಟಾರಿಗೆ ಏಳು ಮುತ್ತು

ಹನ್ನೆರಡು ಗ್ರಾಂ ಬಂಗಾರಕ್ಕೆ ಎಂಬತ್ತೆಂಟು ಸಾವಿರ, ಹನ್ನೊಂದು ಕೆಂಪು ಹರಳಿಗೆ ಒಂಬತ್ತು ಸಾವಿರ, ಏಳು ಮುತ್ತಿಗೆ ಹತ್ತೂವರೆ ಸಾವಿರ, ಕಮ್ಮಾರನ ಅಲಗಿಗೆ ಆರುನೂರು, ನನ್ನ ಕೂಲಿ ಹದಿನಾಲ್ಕು ಸಾವಿರ. ಕುಷ್ಟಗಿಯ ಶೇಖರಮ್ಮ ಚೌಕಾಸಿ ಮಾಡದೆ ಒಪ್ಪಿದ್ದರು. ಮಗ ಗುರುಬಸವ ಮದುವೆಯಲ್ಲಿ ಹಿಡಿಯುವ ಕಟಾರಿ ಅದು.

"ಇದು ಛಲೋ ಆತಂದ್ರ ನಮ್ಮ ಮಗಳು ದಾನೇಶ್ವರಿ ಮದುವಿ ಬಂಗಾರ ಎಲ್ಲಾ ನಿಮ್ಮ ಕೈಯಾಗ ರೀ, ಪತ್ತಾರ್ರ" ಅಂದಿದ್ದರು. ಗಂಗಾವತಿಯ ನನ್ನ ಸಣ್ಣ ಅಕ್ಕಸಾಲಿ ಅಂಗಡಿಗೆ ಅಂಥ ಕೆಲಸ ಸಿಗುವುದೇ ಅಪರೂಪ. ಅದಕ್ಕೇ ಅವರು ಕೇಳದಿದ್ದರೂ ಮುತ್ತಿನ ಮಾತು ನಾನೇ ತೆಗೆದೆ. ಹಿಡಿ ಮತ್ತು ಅಲಗು ಸೇರುವಲ್ಲಿ ಏಳನ್ನೂ ಬಂಗಾರದ ತಂತಿಯಲ್ಲಿ ಪೋಣಿಸಿ ಬಿಗಿದೆ.

ಕೊಟ್ಟು ಬಂದ ಮರುದಿನ ಬೆಳಿಗ್ಗೆ ಹೆಂಡತಿ ನೇತ್ರಾವತಿ ಮಂಡಕ್ಕಿ ಒಗ್ಗರಣೆಗೆ ನಿಂಬೆಹಣ್ಣು ಕೊಯ್ಯುತ್ತಿದ್ದಳು. ರಸ ಚಾಕುವಿನಗುಂಟ ಇಳಿದು ಹಿಡಿಗೆ ಹರಿಯಿತು. ನನ್ನ ಚಹಾ ಕೈಯಲ್ಲೇ ಉಳಿಯಿತು.

ಅರಿಶಿಣ ಹಚ್ಚುವಾಗ ಕಟಾರಿಯ ತುದಿಗೆ ನಿಂಬೆಹಣ್ಣು ಚುಚ್ಚಿ ಮದುಮಗನ ಕೈಗೆ ಕೊಡುತ್ತಾರೆ. ತಾಳಿ ಕಟ್ಟುವ ತನಕ ಅವನು ಅದನ್ನು ಕೆಳಗಿಡುವಂತಿಲ್ಲ. ಹುಳಿಯಿಂದ ಕೆಂಪಿಗೆ ಏನೂ ಆಗದು. ಮುತ್ತಿನ ಹೊಳಪನ್ನು ಅದು ತಿಂದುಹಾಕುತ್ತದೆ. ಮೂವತ್ತು ವರ್ಷ ಕಟಾರಿ ಮಾಡಿದ್ದೇನೆ, ಎಲ್ಲಕ್ಕೂ ಬರೀ ಕೆಂಪು. ಅಪ್ಪ ಯಾಕೆ ಮುತ್ತು ಕೂಡಿಸುತ್ತಿರಲಿಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವತ್ತೇ ಅರಿಶಿಣ. ನಾಲ್ಕು ಸಲ ಫೋನ್ ಮಾಡಿದೆ. ಮದುವೆ ಮನೆ, ಯಾರೂ ಎತ್ತಲಿಲ್ಲ.

"ಸುಮ್ಕಿದ್ರ ಯಾರಿಗೆ ಗೊತ್ತಾಕ್ಕೈತಿ?" ಅಂದೆ.

"ನಿಮಗ ಗೊತ್ತೈತಲ್ಲ. ನೀವೂ ನಿದ್ದಿ ಮಾಡಂಗಿಲ್ಲ, ನನಗೂ ಮಾಡಗೊಡಂಗಿಲ್ಲ. ಎದ್ದು ಹೋಗ್ರಿ" ಅಂದಳು ನೇತ್ರಾವತಿ.

ಕುಷ್ಟಗಿ ಬಸ್ಸು ದಾರಿಯಲ್ಲಿ ತಾವರಗೇರಾದಲ್ಲಿ ನಿಂತಿತು. ನಾನು ಇಳಿದೆ, ಹತ್ತಿದೆ, ಮತ್ತೆ ಇಳಿದೆ.

"ಯಜಮಾನ್ರ, ನೀವು ಹಿಂದಿಂದ ನೂಕಿದ್ರೂ ಡ್ರೈವರ್ ಚಾ ಕುಡಿಯೋತನಕ ಬಸ್ಸು ಹೊಂಡಂಗಿಲ್ಲ" ಅಂದ ಕಂಡಕ್ಟರ್.

ನಾನು ಮುಟ್ಟುವ ಹೊತ್ತಿಗೆ ಗುರುಬಸವ ಮೈಯೆಲ್ಲ ಹಳದಿಯಾಗಿ ಮಣೆಯ ಮೇಲೆ ಕೂತಿದ್ದ. ಕೈಯಲ್ಲಿ ಕಟಾರಿ, ತುದಿಯಲ್ಲಿ ನಿಂಬೆಹಣ್ಣು. ಅಲಗು ಒದ್ದೆಯಾಗಿತ್ತು.

ಶೇಖರಮ್ಮನನ್ನು ಬದಿಗೆ ಕರೆದು ಎಲ್ಲ ಹೇಳಿದೆ. ಅವರ ಮುಖ ಬಿಗಿಯಿತು.

"ಮುತ್ತು ಹಾಕ್ತೀನಿ ಅಂದವ್ರು ನೀವ ಅಲ್ರಿ?"

"ಹೌದ್ರಿ ಅಕ್ಕಾರ, ತಪ್ಪು ನಂದ. ಈಗ ಬಿಚ್ಚಿಬಿಡ್ತೀನಿ."

"ಕೈಗೆ ಕೊಟ್ಟದ್ದು ಕೆಳಗ ಇಡಾಕ ಬರೂದಿಲ್ಲ."

"ಇಡೋದು ಬ್ಯಾಡ್ರಿ. ಅವರು ಹಿಡಕೊಂಡ ಇರ್ಲಿ."

ಮಣೆಯ ಮುಂದೆ ಕೂತು ಚಿಮುಟ, ಕತ್ತರಿ ತೆಗೆದೆ. ಹೆಂಗಸರು ನಕ್ಕರು. "ಏ ಗುರುಬಸವ, ಸೊಸಿ ಬರೂಕಿಂತ ಮೊದಲ ಪತ್ತಾರ ಬಂಗಾರ ಬಿಚ್ಚಾಕ ಬಂದಾನಲ್ಲೋ!"

"ಕೈ ಅಲುಗಿಸಬ್ಯಾಡಪ್ಪ" ಅಂದೆ.

"ಅಲುಗಿಸಿದ್ರ ಅವ್ವ ಬಿಡಂಗಿಲ್ಲ ರೀ ಕಾಕಾ."

ತಂತಿ ಕತ್ತರಿಸಿ ಎಳೆದೆ, ಮುತ್ತುಗಳನ್ನು ನೀರಲ್ಲಿ ತೊಳೆದು ಒರೆಸಿದೆ. ಐದು ಹೊಳೆಯುತ್ತಿದ್ದವು. ರಸ ಇಳಿದ ಕಡೆಯ ಎರಡು ಸುಣ್ಣದ ಹರಳಿನಂತಾಗಿದ್ದವು. ಏಳನ್ನೂ ಶೇಖರಮ್ಮನ ಅಂಗೈಗೆ ಹಾಕಿ, ಎರಡರ ಬೆಲೆ ನನ್ನದು ಎಂದೆ.

ಅವರು ಕಟಾರಿಯನ್ನು ನೋಡಿದರು. "ಬೋಳು ಕಾಣ್ತೈತಿ" ಅಂದು ಅಲ್ಲಿಗೊಂದು ಅರಿಶಿಣದ ದಾರ ಸುತ್ತಿದರು. ಆಮೇಲೆ ನನ್ನತ್ತ ತಿರುಗಿ, "ದಾನೇಶ್ವರಿದು ಮಾಡುವಾಗ ನಿಮ್ಮ ಜಾಣತನ ಅಂಗಡ್ಯಾಗ ಇಟ್ಟು ಬರ್ರಿ. ಈಗ ಉಂಡು ಹೋಗ್ರಿ" ಅಂದರು.

ಎರಡು ಮುತ್ತು ಹೋದವು, ಕೂಲಿಯಲ್ಲಿ ಮೂರು ಸಾವಿರ ಹೋಯಿತು. ದಾನೇಶ್ವರಿಯ ಕೆಲಸ ಉಳಿಯಿತು.