ಆಫ್ ಮಾಡಿದ ಮೇಲೂ ಉಸಿರಾಡುವ ಗಾಡಿ

ಸದ್ದಿಲ್ಲದೆ ಬದುಕುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನೂ ನನ್ನ ಹೆಂಡತಿಯೂ ಸದ್ದು ಮಾಡಿಯೇ ಬದುಕುವವರು. ರೇಡಿಯೋ ನಾಟಕಗಳಿಗೆ, ಮಕ್ಕಳ ಕಾರ್ಟೂನುಗಳಿಗೆ ಬೇಕಾದ ಸದ್ದುಗಳನ್ನು ಒದಗಿಸುವುದು ನಮ್ಮ ಕಸುಬು. ಮನೆಯ ಹಿಂದಿನ ಶೆಡ್ಡಿನಲ್ಲಿ ಬಟ್ಟೆಚೀಲಕ್ಕೆ ಜೋಳದ ಹಿಟ್ಟು ತುಂಬಿ ನಾನು ಹಿಸುಕಿದರೆ ಯಾರೋ ಹಿಮದಲ್ಲಿ ನಡೆಯುತ್ತಾರೆ. ಹಳೆಯ ಚರ್ಮದ ಕೈಗವಸು ಬಡಿದರೆ ಪಾರಿವಾಳ ಹಾರುತ್ತದೆ. ಬೆಕ್ಕು, ಬಾಗಿಲು, ಅಳಿಯನನ್ನು ಕಂಡು ಕೆಮ್ಮುವ ಮಾವ, ಇವೆಲ್ಲ ನೇರವಾಗಿ ನನ್ನ ಗಂಟಲಿನಿಂದಲೇ ಬರುತ್ತವೆ. ಹೆಂಡತಿಯದು ಬೇರೆ ಇಲಾಖೆ. ಅವಳು ಸದ್ದು ಮಾಡುವವಳಲ್ಲ, ಹಿಡಿಯುವವಳು. ಮೈಕು ಹೊತ್ತು ಹೊಳೆ, ಕಾಡು, ರೈಲು ನಿಲ್ದಾಣ ಅಂತ ಸುತ್ತುತ್ತಾಳೆ. ಬಳಗದವರು ಅವಳನ್ನು ಕಿವಿ ಎಂದೂ ನನ್ನನ್ನು ಬಾಯಿ ಎಂದೂ ಕರೆಯುತ್ತಾರೆ. ನಮ್ಮ ಸಂಸಾರ ಸರಾಗವಾಗಿ ನಡೆದಿರುವುದಕ್ಕೆ ಈ ಇಲಾಖಾ ಹಂಚಿಕೆಯೇ ಕಾರಣ.

ಆ ಚಳಿಗಾಲದಲ್ಲಿ ಅವಳು ಒಂದು ಕೆರೆಯ ಹಿಂದೆ ಬಿದ್ದಿದ್ದಳು. ಬೆಳಗಾಗುವ ಹೊತ್ತಿನ ಸದ್ದುಗಳನ್ನು ಬೇರೆ ಬೇರೆ ಕಡೆ ಹಿಡಿದು, ಒಂದು ಮಾತೂ ಇಲ್ಲದ ಒಂದು ಗಂಟೆಯ ಕಾರ್ಯಕ್ರಮ ಮಾಡಿಕೊಡುವುದಾಗಿ ರೇಡಿಯೋದವರಿಗೆ ಒಪ್ಪಿಕೊಂಡಿದ್ದಳು. ಎಲ್ಲ ಸಿಕ್ಕಿತ್ತು, ಬೆಟ್ಟದ ಮೇಲಿನ ಕೆರೆಯೊಂದು ಬಾಕಿ. ಅಲ್ಲಿ ದೂರದಿಂದ ಬಂದಿಳಿದ ಬಾತುಗಳು ನಸುಕಿನಲ್ಲಿ ಒಟ್ಟಿಗೇ ನೀರಿನಿಂದ ಏಳುತ್ತವಂತೆ. ಸುತ್ತ ಎಲ್ಲೂ ಒಂದು ಮೋಟಾರಿನ ಸದ್ದೂ ಇಲ್ಲವಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಮ್ಮ ವ್ಯಾನು ನಮ್ಮನ್ನು ಅಲ್ಲಿಗೆ ಮುಟ್ಟಿಸಿರಲೇ ಇಲ್ಲ. ಎರಡು ಸಲ ಹೊರಟಿದ್ದೆವು. ಎರಡು ಸಲವೂ ಅದು ಅರ್ಧ ಏರಿನಲ್ಲಿ ಬುಸುಗುಟ್ಟಿ, ಹೊಗೆಯುಗುಳಿ, ಕಲ್ಲುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಮೈಕು, ಸ್ಟ್ಯಾಂಡು, ಬ್ಯಾಟರಿ, ಗಾಳಿ ತಡೆಯಲು ಮೈಕಿಗೆ ತೊಡಿಸುವ ತುಪ್ಪಳದ ಟೋಪಿ, ಇಷ್ಟನ್ನೂ ಹೊತ್ತು ಬುಡದಿಂದ ನಡೆದು ಹತ್ತುವುದು ಆಗದ ಮಾತು. ಇನ್ನು ಕೆಲವೇ ವಾರಗಳಲ್ಲಿ ಬಾತುಗಳು ಹೊರಟುಬಿಡುತ್ತವೆ.

"ಈ ಸಲ ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ ರೀ" ಎಂದಿದ್ದಳು. ಅವಳು ಬಿಡುತ್ತೇನೆ ಎಂದರೆ ಬಿಟ್ಟೇಬಿಡುವವಳು. ಸಕ್ಕರೆಯನ್ನು ಹಾಗೇ ಬಿಟ್ಟಿದ್ದಾಳೆ, ನನ್ನ ಅಣ್ಣನ ಜೊತೆ ಇಸ್ಪೀಟು ಆಡುವುದನ್ನೂ.

ಅಂಥ ಹೊತ್ತಿನಲ್ಲಿ ನನ್ನ ದವಡೆ ಹಲ್ಲು ನೋಯಿತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ವ್ಯಾನಿನ ಗೋಳು ಹೇಳಿ ಮುಗಿಸಿ ಬಾಯಿ ತೆರೆದು ಮಲಗಿದ್ದಾಗ, ಅವರು ತಮ್ಮ ಗಾಡಿ ಮಾರುವ ವಿಷಯ ಎತ್ತಿದರು. ಇಷ್ಟು ವರ್ಷ ಬಾಯಿ ತೆರೆದವರ ಜೊತೆಗೇ ಮಾತಾಡಿ ಮಾತಾಡಿ, ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಹೇಳಿ ಮುಗಿಸುವುದು ಡಾಕ್ಟರಿಗೆ ರೂಢಿಯಾಗಿಬಿಟ್ಟಿದೆ.

"ನಿಮ್ಗೆ ಬೆಟ್ಟ ಹತ್ತೋ ಗಾಡಿ ಬೇಕಿತ್ತು ಅಲ್ವಾ? ಬೇಕಿತ್ತು. ನನ್ನದು ಹತ್ತತ್ತಾ? ಗೋಡೆ ಬೇಕಾದ್ರೂ ಹತ್ತತ್ತೆ. ಬಂದು ನೋಡ್ತೀರಾ?" ಎಂದು ಕೇಳಿ, ನರ್ಸಿನ ಕಡೆ ತಿರುಗಿ, "ಭಾನುವಾರ ಬರ್ತಾರಂತೆ" ಎಂದರು.

ಭಾನುವಾರ ಇಬ್ಬರೂ ಹೋದೆವು. ಅದನ್ನು ಗಾಡಿ ಎನ್ನುವುದು ಹೇಗೆ, ಅದು ಗಾಲಿಯ ಮೇಲಿನ ದಿವಾನಖಾನೆ. ಕಡುಹಸಿರು ಮೈ, ನನ್ನ ಎದೆಮಟ್ಟದ ಬಾನೆಟ್ಟು, ಒಳಗೆ ಕೆನೆಬಣ್ಣದ ಚರ್ಮದ ಸೀಟು. ಗುಂಡಿ ಒತ್ತಿದರೆ ಗಾಲಿಗಳ ಮೇಲಿನ ಗಾಳಿಚೀಲಗಳು ಉಬ್ಬಿ ಇಡೀ ಗಾಡಿ ಮೇಲೇಳುತ್ತದೆ, ಇನ್ನೊಂದು ಒತ್ತಿದರೆ ವಿನಯದಿಂದ ಕೂರುತ್ತದೆ. ಬಾಗಿಲು ಹಾಕಿದರೆ ಬಡಿದ ಸದ್ದು ಬರಲಿಲ್ಲ, ದಪ್ಪ ಪುಸ್ತಕ ಮುಚ್ಚಿದ ಸದ್ದು ಬಂತು. ನಾನು ಎಲ್ಲ ಬಾಗಿಲುಗಳನ್ನೂ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಬಾಯಲ್ಲೂ ಒಮ್ಮೆ ಮಾಡಿ ನೋಡಿದೆ. ಸ್ಟೀರಿಂಗಿನ ಹಿಂದೆ ಕೂತಾಗಂತೂ ಬೀದಿಯಲ್ಲಿ ನಿಂತವರ ನೆತ್ತಿಗಳು ಕಂಡವು. ಕುಳ್ಳನಾಗಿ ಹುಟ್ಟಿದವನಿಗೆ ನೆತ್ತಿದರ್ಶನದ ಸುಖ ಏನೆಂದು ಎತ್ತರದವರಿಗೆ ತಿಳಿಯದು.

ಮಾರುವುದೇಕೆ ಎಂದು ಹೆಂಡತಿ ಕೇಳಿದಳು. ಡಾಕ್ಟರ ಹೆಂಡತಿಯೇ ಬಂದು ಉತ್ತರ ಕೊಟ್ಟರು. ಗಾಡಿ ಕಾಂಪೌಂಡಿನ ಒಳಗೆ ನಿಂತರೆ ಗೇಟು ಪೂರ್ತಿ ತೆರೆಯುವುದಿಲ್ಲ, ಆಕೆ ದಿನವೂ ಅಡ್ಡಡ್ಡ ನುಸುಳಬೇಕು. "ನನ್ನನ್ನ ಏಡಿ ಮಾಡ್ಬಿಟ್ಟಿದಾರೆ" ಎಂದು ನಡೆದೂ ತೋರಿಸಿದರು. ಡಾಕ್ಟರು ಆಕಾಶ ನೋಡಿದರು.

ಗಾಡಿ ನೋಡುವವರು ಟೈರು ಒದೆಯುತ್ತಾರೆ, ಕೆಳಗೆ ಬಗ್ಗಿ ತುಕ್ಕು ಹುಡುಕುತ್ತಾರೆ. ನಾವು ನಮ್ಮ ರೀತಿಯಲ್ಲಿ ನೋಡಿದೆವು. ಹೆಂಡತಿ ಬಿಲ್ಲೆಯಂಥ ಮೈಕೊಂದನ್ನು ಎಂಜಿನ್ನಿಗೆ ಅಂಟಿಸಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಗೇರಿನ ಪೆಟ್ಟಿಗೆಗೆ, ಆಮೇಲೆ ಒಂದೊಂದು ಗಾಲಿಗೆ. ನಾನು ಪೆಡಲು ಒತ್ತುತ್ತಿದ್ದೆ, ಬಿಡುತ್ತಿದ್ದೆ. ಡಾಕ್ಟರು, "ಏನಿದು, ಇಸಿಜಿನಾ? ಇಸಿಜಿ" ಎಂದುಕೊಂಡರು. ಬೆಲ್ಟು ಚೆನ್ನಾಗಿದೆ, ಬೇರಿಂಗು ಚೆನ್ನಾಗಿದೆ, ಗೇರಿನಲ್ಲಿ ಒಂದು ಅಪಸ್ವರವೂ ಇಲ್ಲ ಎಂದು ಹೆಂಡತಿ ತೀರ್ಪು ಕೊಟ್ಟಳು. ಹಲ್ಲಿನ ಡಾಕ್ಟರ ಗಾಡಿಯ ಗೇರಿನ ಹಲ್ಲು ಗಟ್ಟಿಯಿರದೆ ಇರುತ್ತದೆಯೇ ಎಂದೆ. ಯಾರೂ ನಗಲಿಲ್ಲ.

ಆ ಸಂಜೆ ಹೆಂಡತಿಯ ತಮ್ಮನಿಗೆ ಫೋನು ಮಾಡಿದೆ. ಅವನು ವಿಮೆ ಕಂಪನಿಯವನು, ಸಂತೋಷದ ಸುದ್ದಿಯಲ್ಲೂ ಅಪಾಯ ಕಾಣಬಲ್ಲವನು. ಮೂಗಿನಿಂದ ಮಾತಾಡುತ್ತಾನೆ, ನಾನು ಅವನ ಹಾಗೆ ಮಾತಾಡಿದರೆ ಅವನ ಅಕ್ಕನೇ ಮೋಸ ಹೋಗುತ್ತಾಳೆ. "ಭಾವ, ಇಂಥ ಗಾಡೀನ ಹೊಸದಾಗಿ ತಗೊಳ್ಳೋಕೆ ಸಾಹುಕಾರ ಆಗಿದ್ರೆ ಸಾಕು. ಹಳೇದಾಗಿ ತಗೊಳ್ಳೋಕೆ ಭಾರಿ ಸಾಹುಕಾರ ಆಗಿರ್ಬೇಕು" ಎಂದ. ದುಬಾರಿ ಎಂಬ ಮಾತಿನಲ್ಲೇ ಎರಡು ಬಾರಿ ಇದೆ, ಕೊಳ್ಳುವಾಗ ಒಂದು ಬಾರಿ, ರಿಪೇರಿಗೆ ಇನ್ನೊಂದು ಬಾರಿ ಎಂದು ನಾನೇ ಹೇಳಿ ನಕ್ಕೆ. ನಕ್ಕೆನೇ ಹೊರತು ಅವನ ಮಾತು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹೆಂಡತಿ ಮಾತ್ರ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಮೊದಲು ಅದು ಬೆಟ್ಟ ಹತ್ತಲಿ, ಕೆರೆ ಸಿಗಲಿ, ಆಮೇಲೆ ಮಾತು ಎಂದಳು. ಡಾಕ್ಟರು ಸಂತೋಷವಾಗಿ ಒಪ್ಪಿದರು. ತಾವೂ ಬರುತ್ತೇನೆ ಎಂದರು. ಬರಲಾ ಎಂದು ಕೇಳಿ, ಬನ್ನಿ ಎಂದು ಅವರೇ ಹೇಳಿಕೊಂಡರು.

ಮುಂದಿನ ವಾರ ಬೆಳಗಾಗುವ ಮೊದಲೇ ಬೆಟ್ಟದ ಬುಡದಲ್ಲಿದ್ದೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಹೊಳೆಯುವ ಬೂಟು ತೊಟ್ಟ ಡಾಕ್ಟರು, ಹಿಂದೆ ಸಾಮಾನಿನ ನಡುವೆ ಹೆಂಡತಿ. ಗುಂಡಿ ಒತ್ತಿದೆ, ಗಾಡಿ ಎದ್ದು ನಿಂತಿತು. ವ್ಯಾನು ಕೂತಿದ್ದ ಜಾಗ ಬಂದಾಗ ನನಗೆ ಉಸಿರು ಸಿಕ್ಕಿಕೊಂಡಿತು. ಗಾಡಿಗೆ ಏನೂ ಸಿಕ್ಕಿಕೊಳ್ಳಲಿಲ್ಲ. ಊಟ ಮಾಡಿ ಮೆಟ್ಟಿಲು ಹತ್ತುವ ಯಜಮಾನನ ಹಾಗೆ, ಒಂದೊಂದೇ ಕಲ್ಲನ್ನು ತುಳಿದು ದಾಟಿತು. ಹಿಂದಿನಿಂದ ಹೆಂಡತಿ ನನ್ನ ಹೆಗಲನ್ನು ಮೆಲ್ಲಗೆ ತಟ್ಟಿದಳು. ಆ ಕ್ಷಣಕ್ಕೆ ನಾನು ಮನಸ್ಸಿನಲ್ಲಿ ಗಾಡಿ ಕೊಂಡೇಬಿಟ್ಟಿದ್ದೆ.

ಕೆರೆ ಇತ್ತು. ಹೇಳಿದಂತೆಯೇ ಇತ್ತು. ಬೂದುಬಣ್ಣದ ನೀರಿನ ಮೇಲೆ ಕಪ್ಪು ಚುಕ್ಕಿಗಳಂತೆ ಬಾತುಗಳು ಇನ್ನೂ ಮಲಗಿದ್ದವು. ನಾನು ಹೆಮ್ಮೆಯಿಂದ ದಡದ ಅಂಚಿನ ತನಕ ಒಯ್ದು ನಿಲ್ಲಿಸಿ, ಎಂಜಿನ್ ಆಫ್ ಮಾಡಿದೆ. ಹೆಂಡತಿ ಹತ್ತಿರದಲ್ಲೇ ಸ್ಟ್ಯಾಂಡು ನಿಲ್ಲಿಸಿ ಮೈಕು ಏರಿಸಿದಳು. ಹೆಡ್‌ಫೋನು ಹಾಕಿಕೊಂಡು ಕೈ ಎತ್ತಿದಳು. ಮೂವರೂ ಸುಮ್ಮನಾದೆವು.

ಗಾಡಿ ಸುಮ್ಮನಾಗಲಿಲ್ಲ.

ಮೊದಲು ತಣಿಯುವ ಲೋಹ ಟಿಕ್ ಟಿಕ್ ಎಂದಿತು. ಆಮೇಲೆ ಬಾನೆಟ್ಟಿನೊಳಗೆ ಒಂದು ಫ್ಯಾನು ತನಗೆ ತಾನೇ ಎದ್ದು ಗುಂಯ್‌ಗುಟ್ಟಿ ಮಲಗಿತು. ಅದಾದ ಮೇಲೆ, ಇನ್ನು ಮುಗಿಯಿತು ಎನ್ನುವಾಗ, ಗಾಡಿ ಉಸ್ಸ್ ಎಂದು ಉದ್ದವಾಗಿ ನಿಟ್ಟುಸಿರಿಟ್ಟಿತು, ಮೂರು ಮಕ್ಕಳ ಮದುವೆ ಮಾಡಿ ಮುಗಿಸಿದವರ ಹಾಗೆ. ಡಾಕ್ಟರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: ನೆಲ ಓರೆಯಾಗಿದೆಯಲ್ಲ, ಆಫ್ ಮಾಡಿದ ಮೇಲೂ ಗಾಳಿಚೀಲಗಳು ತಮ್ಮನ್ನು ತಾವು ಸರಿಮಾಡಿಕೊಳ್ಳುತ್ತವೆ, ಬಹಳ ಒಳ್ಳೆಯ ವ್ಯವಸ್ಥೆ. ಒಳ್ಳೆಯ ವ್ಯವಸ್ಥೆ ಸ್ವಲ್ಪ ಹೊತ್ತಿಗೆ ಮತ್ತೆ ಉಸ್ಸ್ ಎಂದಿತು.

ಹೆಂಡತಿ ಹೆಡ್‌ಫೋನು ಇಳಿಸಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಮನೆಯಲ್ಲಿ ಫ್ರಿಜ್ಜನ್ನು ಆಫ್ ಮಾಡಿ ಬಾಗಿಲ ಸದ್ದು ಹಿಡಿಯುವ ನಾವು, ಗೋಡೆ ಗಡಿಯಾರಕ್ಕೆ ದಿಂಬು ಕಟ್ಟುವ ನಾವು, ಇಡೀ ಭಾನುವಾರ ಗಾಡಿಯನ್ನು ಆನ್ ಮಾಡಿ ಕೇಳಿದ್ದೆವು. ಆಫ್ ಮಾಡಿ ಒಂದು ಸಲವೂ ಕೇಳಿರಲಿಲ್ಲ. ಲೋಕದಲ್ಲಿ ಗಾಡಿ ಕೊಳ್ಳುವ ಬೇರೆ ಯಾರಿಗೂ ಅದು ತಪ್ಪೇ ಅಲ್ಲ. ನಮಗೆ ಅದೊಂದೇ ತಪ್ಪು.

ಮತ್ತೆ ಸ್ಟಾರ್ಟ್ ಮಾಡಿ ದೂರ ಒಯ್ಯೋಣವೆಂದರೆ, ಬರುವಾಗ ಹೇಗೋ ಬೆದರದೆ ಉಳಿದ ಬಾತುಗಳು ಈಗ ಬೆದರುತ್ತವೆ. ಬಿಟ್ಟರೆ ಇದರ ನಿಟ್ಟುಸಿರು. ಆಚೆ ಬೆಟ್ಟದ ಅಂಚು ಆಗಲೇ ಬೆಳ್ಳಗಾಗುತ್ತಿತ್ತು. ಹೆಂಡತಿ ದಡದ ಉದ್ದಕ್ಕೂ ಕಣ್ಣಾಡಿಸಿ, ಕೆರೆ ತಿರುಗುವ ಕಡೆಯ ಬಂಡೆಗಳನ್ನು ತೋರಿಸಿದಳು. ಅವುಗಳ ಆಚೆಗೆ ಹೋದರೆ ಬಂಡೆಯೇ ಸದ್ದು ತಡೆಯುತ್ತದೆ. ಅವಳು ಮೈಕು ಹಿಡಿದು ಹೊರಟಳು. ನಾನು ಸ್ಟ್ಯಾಂಡು ಹೆಗಲಿಗೇರಿಸಿದೆ. ಉಳಿದದ್ದು ಬ್ಯಾಟರಿ ಪೆಟ್ಟಿಗೆ, ಎಲ್ಲಕ್ಕಿಂತ ಭಾರ. ಡಾಕ್ಟರ ಕಡೆ ನೋಡಿದೆ. ಮಾತಾಡುವಂತಿಲ್ಲವಲ್ಲ, ಅವರು ತಮ್ಮ ಎದೆಗೆ ಬೆರಳಿಟ್ಟು ಹುಬ್ಬೇರಿಸಿದರು, ಆಮೇಲೆ ತಾವೇ ತಲೆಯಾಡಿಸಿ ಪೆಟ್ಟಿಗೆ ಎತ್ತಿದರು.

ದಡವೆಲ್ಲ ಕೆಸರು. ಓಡುವಂತಿಲ್ಲ, ನಿಲ್ಲುವಂತಿಲ್ಲ, ಪಚಪಚ ಎನ್ನಿಸುವಂತಿಲ್ಲ. ಕಳ್ಳರು ನಡೆಯುವ ಸದ್ದನ್ನು ನಾನು ಎಷ್ಟೋ ನಾಟಕಗಳಿಗೆ ಮಾಡಿದ್ದೆ, ಸದ್ದಿಲ್ಲದೆ ಕಳ್ಳನಾಗಿ ನಡೆದದ್ದು ಅದೇ ಮೊದಲು. ಡಾಕ್ಟರ ಒಂದು ಬೂಟು ಕೆಸರಿನಲ್ಲೇ ಉಳಿಯಿತು. ಅವರು ತಿರುಗಿಯೂ ನೋಡದೆ ಒಂಟಿ ಬೂಟಿನಲ್ಲಿ ಮುಂದುವರಿದರು.

ಬಂಡೆಯ ಆಚೆ ಮೈಕು ನಿಂತಿತು. ಗಾಡಿ ಕೇಳಿಸಲಿಲ್ಲ. ಹೆಂಡತಿ ಕೈ ಎತ್ತಿದಳು.

ಒಂದು ಬಾತು ತಗ್ಗಿದ ದನಿಯಲ್ಲಿ ಏನೋ ಕೇಳಿತು. ಇನ್ನೊಂದು ಉತ್ತರಿಸಿತು. ಜೊಂಡಿನಲ್ಲಿ ಯಾವುದೋ ಸಣ್ಣ ಹಕ್ಕಿ ತೊದಲಿತು. ನೀರು ದಡವನ್ನು ನೆಕ್ಕುವುದು, ರೆಕ್ಕೆ ಕೊಡವುವುದು, ಮತ್ತೆ ಏನೂ ಇಲ್ಲದ್ದು. ಆಮೇಲೆ ಯಾರು ಹೇಳಿದರೋ, ಎಲ್ಲವೂ ಒಟ್ಟಿಗೆ ಎದ್ದವು. ಕೆರೆಯೇ ಹರಿದು ಎರಡಾದಂತೆ ಸದ್ದು. ಅದು ಮೇಲೇರಿ, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಬೆಟ್ಟದಾಚೆಗೆ ತೆಳ್ಳಗಾಗುತ್ತ ಹೋಯಿತು. ಹೆಂಡತಿಯ ಕಣ್ಣು ಮುಚ್ಚಿತ್ತು, ಕೈ ಇನ್ನೂ ಮೇಲೆಯೇ ಇತ್ತು. ಬಹಳ ಹೊತ್ತಿನ ಮೇಲೆ ಕೈ ಇಳಿಸಿ, "ಬಂತು" ಎಂದಳು.

ಡಾಕ್ಟರಿಗೆ ಹೆಡ್‌ಫೋನು ಹಾಕಿ ಕೇಳಿಸಿದಳು. ಅವರು ಕೆಸರುಗಾಲಿನಲ್ಲಿ ಬಂಡೆಗೆ ಒರಗಿ ಕೂತು ಪೂರ್ತಿ ಕೇಳಿದರು. ಕೇಳುವಾಗ ಅವರ ಬಾಯಿ ತಾನಾಗಿ ತೆರೆದಿತ್ತು. ಜೀವನದಲ್ಲಿ ಮೊದಲ ಸಲ ನಾನು ಹಲ್ಲಿನ ಡಾಕ್ಟರ ಹಲ್ಲು ನೋಡಿದೆ. ಪರವಾಗಿಲ್ಲ.

ಬೂಟು ಹುಡುಕಿಕೊಂಡು ಗಾಡಿಯ ಹತ್ತಿರ ಬಂದಾಗ ಅವರು ಕೇಳಿದರು, "ಹೇಗಿದೆ ಗಾಡಿ? ಚೆನ್ನಾಗಿದೆ. ಹಾಗಾದ್ರೆ ನಿಮ್ದೇನಾ?"

ಅಲ್ಲಿಗೆ ನಿಲ್ಲಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೇಳಿದಳು.

"ಬೇಡ ಡಾಕ್ಟ್ರೇ. ಗಾಡಿಯದೇನೂ ತಪ್ಪಿಲ್ಲ, ಇಲ್ಲೀ ತನಕ ತಂದಿದ್ದೇ ಅದು. ದೂರ ನಿಲ್ಸಿ ನಡ್ಕೊಂಡು ಬಂದ್ರೆ ಅದರ ಉಸಿರೂ ಅಡ್ಡ ಬರಲ್ಲ. ಆದ್ರೆ ನಮ್ಗೆ ಅದು ಬೇಕಾಗೋದು ವರ್ಷಕ್ಕೆ ಒಂದು ನಾಲ್ಕು ಬೆಳಗ್ಗೆ. ಉಳಿದ ದಿನ ಅದರ ಹೊಟ್ಟೆ ತುಂಬ್ಸೋಕೆ ಇವರು ಸಿಕ್ಕ ಸಿಕ್ಕ ಸೋಪಿನ ಜಾಹೀರಾತಿಗೆಲ್ಲ ಗುಳ್ಳೆ ಒಡೆಯೋ ಸದ್ದು ಮಾಡ್ತಾ ಕೂರ್ಬೇಕು. ನಾನು ರೆಕಾರ್ಡು ತಿದ್ತಾ ಕೂರ್ಬೇಕು. ಆಮೇಲೆ ಬೆಳಗಾಗೋದನ್ನ ಕೇಳೋರು ಯಾರು?"

ನನಗೆ ನೆತ್ತಿಗಳು ನೆನಪಾದವು. ಒಂದು ಕ್ಷಣ ಇನ್ನಷ್ಟು ಕುಳ್ಳಗಾದೆ ಅನ್ನಿಸಿತು, ಗುಂಡಿ ಒತ್ತಿದ ಗಾಡಿಯ ಹಾಗೆ. ಆದರೆ ಅವಳು ಹೇಳಿದ್ದು ಕಣ್ಣಿಗೆ ಕಟ್ಟಿತು: ಸೋಪು, ಗುಳ್ಳೆ, ಮತ್ತೆ ಸೋಪು. ಬೇಡ ಎಂದು ನಾನೂ ಹೇಳಿದೆ. ಹೇಳಿದ ಮೇಲೆ ಮೈ ಹಗುರವಾಯಿತು.

ಡಾಕ್ಟರಿಗೆ ಬೇಸರವಾಗಬಹುದು ಎಂದುಕೊಂಡಿದ್ದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, ಮನೆಯಲ್ಲಿ ಏನು ಹೇಳುವುದು, ಗೇಟಿನ ಗತಿಯೇನು ಎಂದು ತಮ್ಮಷ್ಟಕ್ಕೆ ಗೊಣಗಿದರು, ಉತ್ತರ ಸಿಗಲಿಲ್ಲ. ಅದನ್ನೂ ಹೆಂಡತಿಯೇ ಕೊಟ್ಟಳು. ನಮ್ಮ ಶೆಡ್ಡಿನ ಪಕ್ಕ ಜಾಗ ಖಾಲಿ ಇದೆ, ಅಲ್ಲಿ ನಿಲ್ಲಿಸಲಿ, ಬಾಡಿಗೆ ಏನೂ ಬೇಡ. ಬೆಟ್ಟ ಹತ್ತುವ ಬೆಳಗುಗಳಿಗೆ ಅವರೇ ಕರೆದೊಯ್ಯಲಿ, ಪೆಟ್ಟಿಗೆ ಹೊರಲಿ, ಹೆಡ್‌ಫೋನು ಸಿಗುತ್ತದೆ.

"ಮುಂದಿನ ಸಲ ಏನು?" ಎಂದರು ಡಾಕ್ಟರು.

"ಕಪ್ಪೆ."

"ಕಪ್ಪೆಗೂ ಸದ್ದು ಮಾಡಬಾರ್ದಾ? ಮಾಡಬಾರ್ದು" ಎಂದು ಅವರು ಕೀಲಿಕೈಯನ್ನು ಹೆಂಡತಿಯ ಕೈಗಿಟ್ಟರು. ಇಳಿಯುವಾಗ ನೀವು ಓಡಿಸಿ, ನಿಮ್ಮ ಯಜಮಾನರು ಗುಂಡಿ ಒತ್ತಿದ್ದು ಸಾಕು ಎಂದರು.

ನಾನು ಹಿಂದಿನ ಸೀಟಿಗೆ ಹತ್ತಿದೆ. ಕೆಸರು ಮೆತ್ತಿದ ಸ್ಟ್ಯಾಂಡು ಕೆನೆಬಣ್ಣದ ಚರ್ಮಕ್ಕೆ ತಾಗದಿರಲಿ ಎಂದು ತೊಡೆಯ ಮೇಲೆ ಮಲಗಿಸಿಕೊಂಡೆ. ಮೊದಲ ತಿರುವಿನಲ್ಲೇ ಹೆಂಡತಿ ಕಿಟಕಿಗಳನ್ನೆಲ್ಲ ಇಳಿಸಿದಳು. ಚಳಿಗಾಳಿ ನುಗ್ಗಿತು, ಅದರ ಜೊತೆ ಗಾಲಿಯಡಿಯ ಕಲ್ಲುಗಳ ಸದ್ದು, ಕಣಿವೆಯಲ್ಲಿ ಎಚ್ಚರಗೊಳ್ಳುತ್ತಿದ್ದ ಹಕ್ಕಿಗಳ ಸದ್ದು. ಡಾಕ್ಟರು ಕೋಟಿನ ಕಾಲರು ಏರಿಸಿಕೊಂಡರು. ಕಿಟಕಿ ಮುಚ್ಚಿ ಎಂದು ಯಾರೂ ಹೇಳಲಿಲ್ಲ.