ಚೀಟಿಯಲ್ಲಿ ಬಂದ ಪಕ್ಷ

"ಈ ಜಮೀನು ಮುಚ್ಚಿದರೆ ಸ್ಮಶಾನಕ್ಕೆ ಬೇರೆ ದಾರಿಯೇ ಇಲ್ಲ ಅಂತ ಅವರು ವಾದ ಮಾಡ್ತಿದ್ದಾರೆ. ಇದಕ್ಕೇನಂತೀರಿ?"

ಪೀಠದ ನಡುವೆ ಕೂತಿದ್ದ ನಿವೃತ್ತ ನ್ಯಾಯಾಧೀಶರು ಕೇಳಿದರು. ಬೆಂಗಳೂರಿನಿಂದ ಬಂದಿದ್ದ ಹಿರಿಯ ವಕೀಲ ಪ್ರಸನ್ನ ಮಾತು ನಿಲ್ಲಿಸಿ, ತಿರುಗಿಯೂ ನೋಡದೆ ಬಲಗೈಯನ್ನು ಹಿಂದಕ್ಕೆ ಚಾಚಿದರು. ಅದು ಜೂನಿಯರಿಗೆ ಸನ್ನೆ. ಅರುಂಧತಿ ಯೋಚಿಸಲಿಲ್ಲ. ನಕ್ಷೆಯನ್ನು ಆ ಕೈಗಿಟ್ಟು, ಮುಂದೆ ಬಾಗಿ, ಹಳ್ಳದ ಪಕ್ಕದ ತೆಳು ಗೆರೆಯ ಮೇಲೆ ಬೆರಳಿಟ್ಟಳು.

"ದಂಡೆ ಮೇಲೆ ಕಾಲುದಾರಿ ಇದೆ ಸರ್."

ಪ್ರಸನ್ನರ ದನಿಗೆ ಕಳೆ ಬಂತು. "ಸ್ವಾಮಿ, ದಾರಿ ಇದೆ. ಕಷ್ಟದ ದಾರಿ ಇರಬಹುದು. ಆದರೆ ಕಷ್ಟ ಬೇರೆ, ಹಕ್ಕು ಕಸಿದುಕೊಳ್ಳುವುದು ಬೇರೆ." ಮಂಡ್ಯದ ವಕೀಲರೆಲ್ಲ ಸೇರಿದ್ದ ಆ ಸಭಾಂಗಣದಲ್ಲಿ ಯಾರೋ ಮೇಜು ಕುಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಪ್ಪ ಮರಿಸಿದ್ದಯ್ಯ ಮಾತ್ರ ನಕ್ಷೆ ಹಿಡಿದ ಆ ಕೈಯನ್ನೇ ನೋಡುತ್ತಿದ್ದ.

ಘನತೆಯಿಂದ ಬದುಕುವ ಹಕ್ಕಿನೊಳಗೆ ಘನತೆಯಿಂದ ಮಣ್ಣಾಗುವ ಹಕ್ಕೂ ಸೇರಿದೆಯೇ, ಅದು ಒಬ್ಬನ ಸ್ವಂತ ಜಮೀನಿನ ಹಕ್ಕಿಗಿಂತ ದೊಡ್ಡದೇ ಎಂಬುದು ವಕೀಲರ ಸಂಘ ಅಭ್ಯಾಸಕ್ಕೆಂದು ನಡೆಸಿದ ಅಂದಿನ ಅಣಕು ಮೇಲ್ಮನವಿಯ ಪ್ರಶ್ನೆ. ಸಂಘಕ್ಕೆ ಆ ಪ್ರಶ್ನೆ ಬರೆದುಕೊಟ್ಟವಳು ಅರುಂಧತಿಯೇ. ಹಲಗೂರಿನ ಹತ್ತಿರದ ಅವಳ ಊರಿನಲ್ಲಿ ಅಂಕಯ್ಯ ತನ್ನ ಹೊಲಕ್ಕೆ ತಂತಿಬೇಲಿ ಹಾಕಿ ಕೇರಿಯವರ ಸ್ಮಶಾನದ ದಾರಿ ಮುಚ್ಚಿದ್ದ. ಮಳವಳ್ಳಿ ಕೋರ್ಟಿನಲ್ಲಿ ಅಪ್ಪನ ಪರವಾಗಿ ಅವಳೇ ವಾದಿಸಿ, ದಾರಿಗೆ ದಾಖಲೆ ಇಲ್ಲವೆಂದು ಸೋತಿದ್ದಳು. ಅಪೀಲು ಹಾಕೋಣವೆಂದರೆ ಅಪ್ಪ ಹಿಂದೆಮುಂದೆ ನೋಡುತ್ತಿದ್ದ. "ದೊಡ್ ಲಾಯರ್‌ಗೋಳು ಏನಂತಾರೆ ಕೇಳವ ತಡಿ, ಆಮೇಕೆ ಸೈನು" ಎಂದಿದ್ದ. ಅದಕ್ಕೇ ಕರೆತಂದಿದ್ದಳು.

ಆದರೆ ಬೆಳಿಗ್ಗೆ ಜೂನಿಯರುಗಳನ್ನು ಹಂಚಲು ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಜಮೀನುದಾರನ ಪಕ್ಷ. ಬದಲಿಸಿ ಎಂದು ಸಂಘದ ಸುನಿತಾಳನ್ನು ಕೇಳಿದಳು. "ವಕೀಲರಿಗೆ ಯಾವ ಕಡೆ ಆದ್ರೇನ್ರೀ?" ಎಂದು ಸುನಿತಾ ನಕ್ಕುಬಿಟ್ಟಳು.

ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಜಮೀನುದಾರನ ಕಡೆಗೆ ತೀರ್ಪು ಕೊಟ್ಟರು. ಜನ ಊಟಕ್ಕೆ ಎದ್ದರು. ಅರುಂಧತಿ ಹೊರಗೆ ಓಡಿಬರುವಷ್ಟರಲ್ಲಿ ಮರಿಸಿದ್ದಯ್ಯ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದ.

"ಅಪ್ಪ, ನಿಂತ್ಕೊ. ಊಟ ಐತೆ, ಉಂಡ್ಕೊಂಡ್ ಓಗವ."

"ಆವಯ್ಯ ಕೈ ಚಾಚ್ದೇಟ್ಗೆ ದಂಡೆ ತೋರ್ಸ್ಬುಟ್ಯಲ್ಲವ್ವ."

"ಅದು ಅಣಕು ಕಣಪ್ಪ, ನಾಟ್ಕ ಇದ್ದಂಗೆ. ಚೀಟೀಲಿ ಆ ಕಡೆ ಬಂತು. ಬಂದ್ಮೇಲೆ ಆ ಕಡೀಕೇ ದುಡೀಬೇಕು."

"ನಾಟ್ಕ ನಂಗ್ ಯೋಳ್ಕೊಡ್ತೀಯಾ? ದುರ್ಯೋದನನ ಪಾಲ್ಟ್ ಮಾಡ್ದೋನು ಕಣಮ್ಮ ನಾನು. ಗದೆ ತಿರುಗುಸ್ದೆ, ಮೀಸೆನೂ ತಿರುಗುಸ್ದೆ. ನಮ್ಮನೆ ಸಂಕ್ಟವ ತಗೊಂಡೋಗಿ ಅಲ್ಲಿ ಆಡ್ನಿಲ್ಲ."

ಅವಳಿಗೆ ನಗು ಬರಬೇಕಿತ್ತು. "ನಾನ್ ಯೋಳ್ದಿದ್ರೂ ಅಂಕಯ್ಯನ ಲಾಯ್ರು ನಾಳೆ ಅದ್ನೇ ಯೋಳ್ತಾನೆ. ಈಗ್ಲೇ ಗೊತ್ತಾದ್ರೆ ಉತ್ರ ಉಡುಕ್ಬೋದು."

"ಏನ್ ಉತ್ರ?"

ಅರುಂಧತಿ ಬಾಯಿ ತೆರೆದಳು. ನ್ಯಾಯಪೀಠಕ್ಕೆ ಹೇಳುವ ಮಾತುಗಳೇ ಬಂದವು.

"ಅವತ್ತು ಚಟ್ಟದ ಮುಂದ್ಲು ಎಗ್ಲು ನಂದು," ಎಂದ ಮರಿಸಿದ್ದಯ್ಯ. "ಅಂಕಯ್ಯ ಬೇಲಿ ಆಕಿದ್ದ, ಮಳೆ ಉಯ್ತಿತ್ತು. ದಂಡೇಲಿ ಕಾಲ್ ಜಾರ್ತು. ಚಟ್ಟದ್ ಮೇಲಿದ್ ನಿಮ್ಮವ್ವ ನೀರಿಗ್ ಬಿದ್ಲು. ನೀನೇ ಸೆರಗ ಸರಿ ಮಾಡ್ದೆ. ಅದ ದಾರಿ ಅಂದ್ಬುಟ್ಯಲ್ಲ ಮಗ."

ಮಳವಳ್ಳಿ ಬಸ್ಸು ಆಗಲೇ ಬಂದು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವನು ತಿರುಗಿದ.

"ಅಪೀಲ್ ಆಕವ, ಬುಡಾದ್ ಬ್ಯಾಡ. ವಕಾಲತ್ತ ಬ್ಯಾರೇರ್ಗೆ ಕೊಡ್ತೀನಿ."

"ನಾನ್ ಬ್ಯಾಡ್ವಾ ಅಪ್ಪ? ನಂಬ್ಕೆ ಓಯ್ತಾ?"

"ನೀ ಬಲೇ ಲಾಯ್ರು ಕಣವ್ವ. ಇವತ್ತು ಕಣ್ಣಾರೆ ನೋಡ್ದೆ."

ಒಳಗೆ ಹೋಗಿ ಕೂತ. ಯಾವಾಗಲೂ ಮಾಡುವಂತೆ ಪಕ್ಕದ ಕಿಟಕಿ ಸೀಟಿನ ಮೇಲೆ ಮಗಳಿಗೆಂದು ಟವೆಲು ಹಾಸಿದ. ಅರುಂಧತಿ ಕರಿಕೋಟಿನಲ್ಲೇ ಕಿಟಕಿಯ ಕೆಳಗೆ ನಿಂತಳು. ಫೋನು ಹೊಡೆದುಕೊಂಡಿತು. "ಎಲ್ಲೋದ್ರಿ? ಫೋಟೋಕ್ಕೆ ನಿಂತಿದೀವಿ, ಪ್ರಸನ್ನ ಸರ್ ನಿಮ್ಮನ್ನೇ ಕೇಳ್ತಿದಾರೆ," ಎಂದಳು ಸುನಿತಾ. ಅರುಂಧತಿ ಫೋನನ್ನು ಕೋಟಿನ ಜೇಬಿಗೆ ಹಾಕಿದಳು.

ಬಸ್ಸು ತುಂಬುತ್ತಿತ್ತು. ಚೀಲ ಹೊತ್ತ ಹೆಂಗಸೊಬ್ಬಳು ಅವನ ಬಳಿ ನಿಂತು, "ಯಾರಾರ ಬತ್ತಾರೇನಣ್ಣ ಇಲ್ಲಿ?" ಎಂದು ಕೇಳಿದಳು.

ಮರಿಸಿದ್ದಯ್ಯ ಕಿಟಕಿಯಾಚೆ ಒಮ್ಮೆ ನೋಡಿದ. ಆಮೇಲೆ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, ಆಕೆ ಒಳಗೆ ಹೋಗಲೆಂದು ಮೊಣಕಾಲು ಓರೆ ಮಾಡಿದ.